ಮೂಲೆ ದಾಟಿದ ಏಣಿ: ರೈಲು ಕಂಪನಿಗಳು ಜಮೀನು ಮಾರಿದ ರೀತಿ ಇವತ್ತಿನ ಜಗಳವಾದದ್ದು ಹೇಗೆ?

2025ರ ಅಕ್ಟೋಬರ್ 20ರಂದು ಅಮೆರಿಕದ ಸುಪ್ರೀಂ ಕೋರ್ಟ್ ವಯೋಮಿಂಗ್ ರಾಜ್ಯದ ಒಂದು ಜಮೀನು ವ್ಯಾಜ್ಯವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹಾಗಾಗಿ ಕೆಳಗಿನ ಕೋರ್ಟಿನ ತೀರ್ಪೇ ನಿಂತಿತು. ಸುದ್ದಿ ಚಿಕ್ಕದು, ಆದರೆ ಓದಿದವರಿಗೆ ಗೊಂದಲ ಜಾಸ್ತಿ. ನಾಲ್ವರು ಬೇಟೆಗಾರರು ಒಂದು ಸರ್ಕಾರಿ ಜಮೀನಿನಿಂದ ಇನ್ನೊಂದು ಸರ್ಕಾರಿ ಜಮೀನಿಗೆ ಏಣಿ ಇಟ್ಟು ದಾಟಿದ್ದರು. ಖಾಸಗಿ ನೆಲಕ್ಕೆ ಕಾಲು ತಾಗಿಸಿರಲಿಲ್ಲ. ಆದರೂ ಪಕ್ಕದ ಜಮೀನಿನ ಮಾಲೀಕರು 70 ಲಕ್ಷ ಡಾಲರಿಗೂ ಹೆಚ್ಚು ನಷ್ಟವಾಗಿದೆ ಎಂದು ದಾವೆ ಹಾಕಿದ್ದರು. ಕೊನೆಗೆ ಗೆದ್ದವರು ಬೇಟೆಗಾರರು. ಇಷ್ಟಾದರೂ ಪಕ್ಕದ ಮೊಂಟಾನಾ ರಾಜ್ಯದಲ್ಲಿ ಹೀಗೆ ದಾಟುವುದು ಕಾನೂನಿಗೆ ವಿರುದ್ಧ ಎಂದೇ ಅಲ್ಲಿನ ವನ್ಯಜೀವಿ ಇಲಾಖೆ ಹೇಳುತ್ತದೆ.

ಸರ್ಕಾರಿ ಜಮೀನಿಗೆ ಹೋಗಲು ಏಣಿ ಯಾಕೆ ಬೇಕಾಯಿತು? ಇದಕ್ಕೆ ಉತ್ತರ ಬೇಕೆಂದರೆ 160 ವರ್ಷ ಹಿಂದಕ್ಕೆ ಹೋಗಬೇಕು. ಅಲ್ಲಿ ರೈಲು ಕಂಪನಿಗಳಿಗೆ ಸರ್ಕಾರ ಜಮೀನು ಹಂಚಿದ ರೀತಿ ಇದೆ, ಆ ಜಮೀನಿಗೆ ಜನರನ್ನು ಕರೆತರಲು ಕಂಪನಿಗಳು ಮಾಡಿದ ಭಾರೀ ಪ್ರಚಾರ ಇದೆ. ಆ ಪ್ರಚಾರ ಫಲ ಕೊಟ್ಟ ಕಡೆ ಇವತ್ತು ಇಂಥ ಜಗಳ ಕಾಣುವುದಿಲ್ಲ. ಫಲ ಕೊಡದ ಕಡೆ ಏಣಿ ಬಂದಿದೆ.

ಏಣಿ ಇಟ್ಟ ಜಾಗ

ವಯೋಮಿಂಗ್‌ನ ಕಾರ್ಬನ್ ಕೌಂಟಿಯಲ್ಲಿ ಎಲ್ಕ್ ಮೌಂಟನ್ ಎಂಬ ಬೆಟ್ಟವಿದೆ. ಅದರ ಸುತ್ತ 20,000 ಎಕರೆಗೂ ಹೆಚ್ಚು ಜಮೀನು ಐರನ್ ಬಾರ್ ಹೋಲ್ಡಿಂಗ್ಸ್ ಎಂಬ ಸಂಸ್ಥೆಯದು. ಆದರೆ ಅದು ಒಂದೇ ತುಂಡಲ್ಲ. ಸರ್ವೆ ನಕ್ಷೆ ಬಿಡಿಸಿದರೆ ಚದುರಂಗದ ಮಣೆ ಕಂಡಂತಾಗುತ್ತದೆ. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳು. ಒಂದೊಂದೂ 640 ಎಕರೆ. ಒಂದು ಚೌಕ ಖಾಸಗಿ, ಅದರ ಪಕ್ಕದ್ದು ಸರ್ಕಾರಿ, ಮತ್ತೆ ಖಾಸಗಿ, ಮತ್ತೆ ಸರ್ಕಾರಿ.

ಹೀಗಿರುವಾಗ ಎರಡು ಸರ್ಕಾರಿ ಚೌಕಗಳು ಒಂದಕ್ಕೊಂದು ಸೇರುವುದು ಮೂಲೆಯಲ್ಲಿ ಮಾತ್ರ, ನಾಲ್ಕೂ ಚೌಕಗಳ ನಡುವೆ ಇರುವ ಸರ್ವೆ ಗುರುತಿನ ಹತ್ತಿರ. ಆ ಗುರುತು ಒಂದು ಬಿಂದು. ಬಿಂದುವಿಗೆ ಅಗಲ ಇಲ್ಲ, ಮನುಷ್ಯನ ಮೈಗೆ ಇದೆ. ಎಷ್ಟೇ ಜೋಪಾನವಾಗಿ ದಾಟಿದರೂ ಭುಜವೋ, ಬೆನ್ನ ಮೇಲಿನ ಚೀಲವೋ ಖಾಸಗಿ ಜಮೀನಿನ ಮೇಲಿನ ಗಾಳಿಯಲ್ಲಿ ಒಂದು ಕ್ಷಣ ಹಾದುಹೋಗಲೇಬೇಕು. ನಮ್ಮ ಕಡೆ ಹೊಲಕ್ಕೆ ದಾರಿಯ ತಕರಾರು ಬಂದರೆ ನಕಾಶೆ ಕಂಡ ದಾರಿ ಇದೆಯೇ ಎಂದು ಮೊದಲು ನೋಡುತ್ತಾರಲ್ವಾ? ಇಲ್ಲಿ ಅಂಥ ದಾರಿಯನ್ನು ನಕ್ಷೆ ಬರೆದವರು ಬಿಟ್ಟೇ ಇರಲಿಲ್ಲ.

ಮಿಸೌರಿಯಿಂದ ಬಂದ ಬೇಟೆಗಾರರು 2021ರಲ್ಲಿ ಕಬ್ಬಿಣದ ಏಣಿಯನ್ನು ಆ ಮೂಲೆಯ ಮೇಲೆ ನಿಲ್ಲಿಸಿ ಈ ಕಡೆ ಹತ್ತಿ ಆ ಕಡೆ ಇಳಿದರು. ಅತಿಕ್ರಮ ಪ್ರವೇಶದ ಕೇಸು ದಾಖಲಾಯಿತು. 2022ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿಗಳು ಎಂದಿತು. ಸಿವಿಲ್ ದಾವೆ ಮಾತ್ರ ಮುಂದುವರಿದು 2025ರ ಮಾರ್ಚ್‌ನಲ್ಲಿ 10ನೇ ಸರ್ಕಿಟ್ ಮೇಲ್ಮನವಿ ಕೋರ್ಟಿನ, ಅಂದರೆ ಹಲವು ರಾಜ್ಯಗಳಿಗೆ ಸೇರಿದ ಕೇಂದ್ರದ ಕೋರ್ಟಿನ, ತೀರ್ಪು ಬಂತು.

ಚದುರಂಗದ ಮಣೆ ಯಾಕೆ?

19ನೇ ಶತಮಾನದ ನಡುವಿನಲ್ಲಿ ಅಮೆರಿಕ ಸರ್ಕಾರದ ಹತ್ತಿರ ಹಣ ಕಡಿಮೆ, ನೆಲ ಹೇರಳ. ಪಶ್ಚಿಮಕ್ಕೆ ರೈಲು ಹಾಕಬೇಕು. ಆದರೆ ಜನರೇ ಇಲ್ಲದ ಕಡೆ ರೈಲು ಓಡಿಸಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಖಾಸಗಿ ಬಂಡವಾಳಗಾರರು ಹಿಂಜರಿದರು. ಆಗ ಸರ್ಕಾರ ಹಣದ ಬದಲು ಜಮೀನು ಕೊಡಲು ಮುಂದಾಯಿತು. 1850ರಲ್ಲಿ ಇಲಿನಾಯ್ ಸೆಂಟ್ರಲ್ ರೈಲಿಗಾಗಿ ಸುಮಾರು 26 ಲಕ್ಷ ಎಕರೆ ಹೋಯಿತು. 1862ರಲ್ಲಿ ಲಿಂಕನ್ ಸಹಿ ಹಾಕಿದ ಪೆಸಿಫಿಕ್ ರೈಲ್ವೆ ಕಾಯ್ದೆ ಹಳಿಯ ಎರಡೂ ಬದಿಗೆ 10 ಮೈಲಿಯೊಳಗೆ ಸರ್ವೆಯಲ್ಲಿ ಬೆಸಸಂಖ್ಯೆ ಬಿದ್ದ ಚೌಕಗಳನ್ನು ಕಂಪನಿಗಳಿಗೆ ಕೊಟ್ಟಿತು. 1864ರಲ್ಲಿ ಆ 10 ಮೈಲಿ 20 ಆಯಿತು. ಅದೇ ವರ್ಷ ನಾರ್ದರ್ನ್ ಪೆಸಿಫಿಕ್ ಕಂಪನಿಗೆ ಇನ್ನೂ ದೊಡ್ಡ ಪಾಲು ಸಿಕ್ಕಿತು, ಸುಮಾರು 4 ಕೋಟಿ ಎಕರೆ. ಅಂದರೆ ಇಡೀ ಕರ್ನಾಟಕದ ಐದರಲ್ಲಿ ನಾಲ್ಕು ಭಾಗದಷ್ಟು ನೆಲ ಒಂದೇ ಕಂಪನಿಗೆ. 1871ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಕೇಂದ್ರ ಸರ್ಕಾರದಿಂದ ಹೋದದ್ದು ಒಟ್ಟು 13 ಕೋಟಿ ಎಕರೆಯಷ್ಟು.

ಬೆಸಸಂಖ್ಯೆ ಕಂಪನಿಗೆ, ಸಮಸಂಖ್ಯೆ ಸರ್ಕಾರಕ್ಕೆ. ಇದರ ಹಿಂದೆ ಒಂದು ಲೆಕ್ಕ ಇತ್ತು. ರೈಲು ಬಂದ ಮೇಲೆ ನೆಲದ ಬೆಲೆ ಏರುತ್ತದೆ. ಎಕರೆಗೆ 1.25 ಡಾಲರ್ ಇದ್ದ ತನ್ನ ಜಮೀನನ್ನು ಸರ್ಕಾರ 2.50ಕ್ಕೆ ಮಾರಬಹುದು. ಅರ್ಧ ದಾನ ಕೊಟ್ಟು, ಉಳಿದರ್ಧವನ್ನು ದುಪ್ಪಟ್ಟು ಬೆಲೆಗೆ ಮಾರಿದರೆ ಖಜಾನೆಗೆ ನಷ್ಟವೇ ಇಲ್ಲ. ಕಾಗದದ ಮೇಲೆ ಸರಿಯಾದ ಲೆಕ್ಕ. ಆದರೆ ಇದು ನಿಂತಿದ್ದು ಒಂದೇ ನಂಬಿಕೆಯ ಮೇಲೆ: ಎರಡೂ ಬಗೆಯ ಚೌಕಗಳನ್ನು ಕೊಳ್ಳಲು ಜನ ಬಂದೇ ಬರುತ್ತಾರೆ ಎಂಬುದು. ಬಂದರೆ ಎಲ್ಲವೂ ರೈತರ ಹೊಲವಾಗುತ್ತದೆ, ದಾರಿಗಳು ಬೀಳುತ್ತವೆ, ಮಣೆ ತಾನಾಗಿ ಅಳಿಸಿಹೋಗುತ್ತದೆ. ಬರದಿದ್ದರೆ ಏನು ಎಂದು ಕಾಯ್ದೆ ಬರೆದವರು ಯೋಚಿಸಲಿಲ್ಲ.

ಭಾರತದಲ್ಲಿ ಬ್ರಿಟಿಷರು ಬೇರೆ ದಾರಿ ಹಿಡಿದಿದ್ದರು. ಇಲ್ಲಿ ರೈಲು ಕಂಪನಿಗಳಿಗೆ ಹಳಿಗೆ ಬೇಕಾದಷ್ಟೇ ಜಾಗ ಕೊಟ್ಟು, ಹಾಕಿದ ಬಂಡವಾಳಕ್ಕೆ ಶೇ. 5ರಷ್ಟು ಖಾತ್ರಿ ಬಡ್ಡಿ ಕೊಟ್ಟರು. ಆ ಬಡ್ಡಿ ಹೋದದ್ದು ಇಲ್ಲಿನ ಜನರ ತೆರಿಗೆಯಿಂದ. ಆದ್ದರಿಂದ ನಮ್ಮಲ್ಲಿ ರೈಲು ಕಂಪನಿಗಳು ಊರೂರಿಗೆ ಹೋಗಿ ಜಮೀನು ಮಾರುವ ಕೆಲಸಕ್ಕೆ ಇಳಿಯಲಿಲ್ಲ.

ಲಾಭ ಇದ್ದದ್ದು ನೆಲದಲ್ಲಲ್ಲ, ಸಾಗಣೆಯಲ್ಲಿ

ಬಿಟ್ಟಿಯಾಗಿ ಸಿಕ್ಕ ಜಮೀನನ್ನು ಬೆಲೆ ಏರುವ ತನಕ ಹಿಡಿದಿಟ್ಟು ಮಾರಬಹುದಿತ್ತು. ಹಾಗೆ ಮಾಡಿದವರೂ ಇದ್ದರು. ಆದರೆ ಹೆಚ್ಚಿನ ಕಂಪನಿಗಳು ಬೇಗ ಮಾರಲು, ಸಾಲದ ಮೇಲೆ ಮಾರಲು ಮುಂದಾದವು. ಇದನ್ನು ಅರ್ಥ ಮಾಡಿಕೊಂಡರೆ ಅವರ ಪ್ರಚಾರದ ಜೋರು ಅರ್ಥವಾಗುತ್ತದೆ.

ಖಾಲಿ ಬಿದ್ದ ಚೌಕದಿಂದ ರೈಲಿಗೆ ಏನೂ ಸಿಗುವುದಿಲ್ಲ. ಅದೇ ಚೌಕದಲ್ಲಿ ನಾಲ್ಕು ಕುಟುಂಬ ಬಂದು ಕೂತರೆ ಲೆಕ್ಕವೇ ಬದಲಾಗುತ್ತದೆ. ಬರುವಾಗ ಅವರು ಟಿಕೆಟ್ ಕೊಳ್ಳುತ್ತಾರೆ. ಮರ ಇಲ್ಲದ ಬಯಲಿನಲ್ಲಿ ಮನೆಗೆ ಬೇಕಾದ ಹಲಗೆ ರೈಲಿನಲ್ಲೇ ಬರಬೇಕು. ನೇಗಿಲು, ಒಲೆ, ಕಲ್ಲಿದ್ದಲು, ಮುಳ್ಳುತಂತಿ ಎಲ್ಲವೂ ರೈಲಿನಲ್ಲಿ. ಬೆಳೆದ ಗೋಧಿ ಮತ್ತು ಮೆಕ್ಕೆಜೋಳ, ಸಾಕಿದ ದನ ಮತ್ತು ಹಂದಿ ಅದೇ ರೈಲಿನಲ್ಲಿ ಷಿಕಾಗೋಗೆ ಹೋಗಬೇಕು. ಜಮೀನಿನ ಹಣ ಬರುವುದು ಒಂದು ಸಲ. ಸಾಗಣೆಯ ಹಣ ವರ್ಷವರ್ಷವೂ, ಆ ರೈತನ ಮಕ್ಕಳ ಕಾಲದಲ್ಲೂ ಬರುತ್ತದೆ.

ಇದಕ್ಕೆ ಗಟ್ಟಿ ಸಾಕ್ಷಿ ಜೇಮ್ಸ್ ಜೆ. ಹಿಲ್ ಕಟ್ಟಿದ ಗ್ರೇಟ್ ನಾರ್ದರ್ನ್ ಕಂಪನಿ. ಮೊಂಟಾನಾದಲ್ಲಿ ಅದರ ಮುಖ್ಯ ಹಳಿಗೆ ಕೇಂದ್ರ ಸರ್ಕಾರದ ಜಮೀನು ದಾನ ಸಿಕ್ಕಿರಲಿಲ್ಲ. ಅಂದರೆ ಅಲ್ಲಿ ಮಾರಲು ತನ್ನದೇ ನೆಲ ಇರಲಿಲ್ಲ. ಆದರೂ 20ನೇ ಶತಮಾನದ ಮೊದಲ ದಶಕಗಳಲ್ಲಿ ಅದು ಮೊಂಟಾನಾದ ಬೆಳೆಗಳನ್ನು ಪ್ರದರ್ಶನದ ಬೋಗಿಗಳಲ್ಲಿ ಜೋಡಿಸಿ ಪೂರ್ವದ ಊರುಗಳಿಗೆಲ್ಲ ಕಳಿಸಿತು. ಸರ್ಕಾರ ಪುಕ್ಕಟೆ ಕೊಡುವ ನೆಲಕ್ಕೆ ತನ್ನ ದುಡ್ಡಿನಲ್ಲಿ ಪ್ರಚಾರ ಮಾಡಿತು. ಸಾಗಣೆ ಬೇಕಿತ್ತು, ಅದಕ್ಕೆ ರೈತ ಬೇಕಿದ್ದ.

ಪೋಸ್ಟರ್, ಏಜೆಂಟ್, ಮೆನ್ನೊನೈಟರು

ಬರ್ಲಿಂಗ್ಟನ್ ಆ್ಯಂಡ್ ಮಿಸೌರಿ ರಿವರ್ ಕಂಪನಿಯ 1872ರ ಒಂದು ಪೋಸ್ಟರ್ ಇವತ್ತಿಗೂ ಉಳಿದಿದೆ. ಅಯೋವಾ ಮತ್ತು ನೆಬ್ರಾಸ್ಕಾದಲ್ಲಿ ಲಕ್ಷಾಂತರ ಎಕರೆ ಮಾರಾಟಕ್ಕಿದೆ, 10 ವರ್ಷದ ಸಾಲ, ಶೇ. 6ರ ಬಡ್ಡಿ ಎಂದು ಅದು ದಪ್ಪ ಅಕ್ಷರದಲ್ಲಿ ಕೂಗುತ್ತದೆ. ಜಮೀನು ನೋಡಲು ಬರುವವರಿಗೆ ಬೇರೆಯೇ ಟಿಕೆಟ್. 30 ದಿನದೊಳಗೆ ಕೊಂಡರೆ ಆ ಟಿಕೆಟಿನ ಹಣವನ್ನು ಮೊದಲ ಬಡ್ಡಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಇವತ್ತು ಬೆಂಗಳೂರಿನ ಸುತ್ತ ಸೈಟ್ ಮಾರುವವರು ಪುಕ್ಕಟೆ ಕಾರಿನಲ್ಲಿ ಕರೆದೊಯ್ದು ತೋರಿಸುತ್ತಾರಲ್ಲ, ಅದರ ಹಿಂದಿನ ವ್ಯಾಪಾರ ಬುದ್ಧಿ ಇದೇ.

ಜಮೀನು ಸರ್ಕಾರದಿಂದ ಪುಕ್ಕಟೆ ಸಿಗುವಾಗ ಕಂಪನಿಯಿಂದ ಕೊಳ್ಳುವುದು ಯಾಕೆ ಎಂದು ಅನ್ನಿಸಬಹುದು. 1862ರ ಹೋಂಸ್ಟೆಡ್ ಕಾಯ್ದೆ ಐದು ವರ್ಷ ಉಳುಮೆ ಮಾಡಿದವರಿಗೆ 160 ಎಕರೆ ಕೊಡುತ್ತಿತ್ತು, ನಿಜ. ಆದರೆ ರೈಲು ವಲಯದೊಳಗೆ ಬಹುಕಾಲ ಅದು 80 ಎಕರೆಗೆ ಇಳಿದಿತ್ತು. ಪೂರ್ತಿ 160 ಬೇಕಿದ್ದರೆ ಹಳಿಯಿಂದ ದೂರ ಹೋಗಬೇಕು. ಗೋಧಿಯನ್ನು ಗಾಡಿಯಲ್ಲಿ ಹೇರಿಕೊಂಡು ಎರಡು ದಿನ ನಡೆಯುವ ಬದಲು ಹಳಿಯ ಹತ್ತಿರ ದುಡ್ಡು ಕೊಟ್ಟು ಕೊಳ್ಳುವುದೇ ಮೇಲು ಎಂದು ಅನೇಕರು ಲೆಕ್ಕ ಹಾಕಿದರು. ಜೊತೆಗೆ ಸಮುದಾಯವಾಗಿ ಒಂದೇ ಕಡೆ ನೆಲೆಸಬೇಕು ಎನ್ನುವವರಿಗೆ ಕಂಪನಿ ಸಾವಿರಾರು ಎಕರೆಯನ್ನು ಒಟ್ಟಿಗೆ ಮಾರಬಲ್ಲದು. ಒಬ್ಬೊಬ್ಬರಿಗೆ ಲೆಕ್ಕ ಹಾಕಿ ಕೊಡುವ ಸರ್ಕಾರದಿಂದ ಅದು ಆಗದು.

ಇದು ಕೆಲಸ ಮಾಡಿದ ದೊಡ್ಡ ಉದಾಹರಣೆ ಕಾನ್ಸಾಸ್. ರಷ್ಯಾದ ದಕ್ಷಿಣದಲ್ಲಿ ಜರ್ಮನ್ ಮಾತಾಡುವ ಮೆನ್ನೊನೈಟ್ ಕ್ರೈಸ್ತರು ಗೋಧಿ ಬೆಳೆದುಕೊಂಡಿದ್ದರು. ಆಯುಧ ಹಿಡಿಯುವುದು ಅವರ ಧರ್ಮಕ್ಕೆ ವಿರುದ್ಧ. 1870ರ ದಶಕದಲ್ಲಿ ತ್ಸಾರ್ ಸರ್ಕಾರ ಅವರಿಗಿದ್ದ ಸೈನ್ಯದ ವಿನಾಯಿತಿ ತೆಗೆಯಲು ಹೊರಟಿತು. ಇದನ್ನು ತಿಳಿದ ಅಮೆರಿಕದ ರೈಲು ಕಂಪನಿಗಳು ಪೈಪೋಟಿಗೆ ಬಿದ್ದವು. ಅಚಿಸನ್, ಟೊಪೀಕಾ ಆ್ಯಂಡ್ ಸಾಂಟಾ ಫೆ ಕಂಪನಿಯ ವಲಸೆ ವಿಭಾಗ ನೋಡಿಕೊಳ್ಳುತ್ತಿದ್ದ ಸಿ. ಬಿ. ಸ್ಮಿಟ್ ಸ್ವತಃ ಜರ್ಮನಿಯವರು. ಮಾತು ಬಲ್ಲ ಅವರು ರಷ್ಯಾಕ್ಕೇ ಹೋಗಿ ಬಂದರು. 1874ರಲ್ಲಿ ಕಾನ್ಸಾಸ್ ರಾಜ್ಯ ಇಂಥವರಿಗೆ ಸೈನಿಕ ಸೇವೆಯಿಂದ ವಿನಾಯಿತಿ ಕೊಡುವ ಕಾನೂನು ಮಾಡಿತು. ಬಂದವರು ಮನೆ ಕಟ್ಟುವ ತನಕ ಉಳಿಯಲು ಕಂಪನಿ ಉದ್ದುದ್ದ ಶೆಡ್ ಹಾಕಿಸಿತು. ಅವರು ತಂದ ಟರ್ಕಿ ರೆಡ್ ಎಂಬ ಗೋಧಿ ತಳಿಯನ್ನು ಚಳಿಗಾಲಕ್ಕೆ ಮೊದಲು ಬಿತ್ತಿ ಬೇಸಿಗೆಯ ಆರಂಭದಲ್ಲಿ ಕೊಯ್ಯಬಹುದು. ಕಾನ್ಸಾಸ್‌ನ ಹವೆಗೆ ಅದು ಹೇಳಿ ಮಾಡಿಸಿದಂತಿತ್ತು. ಮುಂದೆ ಆ ರಾಜ್ಯ ದೇಶದ ಗೋಧಿ ಕಣಜವಾದದ್ದು ಈ ತಳಿಯಿಂದ.

ನಾರ್ದರ್ನ್ ಪೆಸಿಫಿಕ್ ಇನ್ನೂ ಮುಂದೆ ಹೋಯಿತು. ಜರ್ಮನ್ ಹಣ ಮತ್ತು ಜನರನ್ನು ಸೆಳೆಯಲು ಡಕೋಟಾದ ಒಂದು ಊರಿಗೆ 1873ರಲ್ಲಿ ಜರ್ಮನ್ ಚಾನ್ಸಲರ್‌ನ ಹೆಸರೇ ಬಂತು. ಅದೇ ಇವತ್ತು ನಾರ್ತ್ ಡಕೋಟಾದ ರಾಜಧಾನಿ ಬಿಸ್ಮಾರ್ಕ್. ಆ ರೈಲು ಕಂಪನಿಯ ಬಾಂಡ್ ಮಾರುತ್ತಿದ್ದ ಬ್ಯಾಂಕರ್ ಜೇ ಕುಕ್ ಅವರ ಪ್ರಚಾರದಲ್ಲಿ ಉತ್ತರದ ಹವೆ ಎಷ್ಟು ಹಿತವಾಗಿ ಕಾಣುತ್ತಿತ್ತೆಂದರೆ ಪತ್ರಿಕೆಗಳು ಅದನ್ನು 'ಬಾಳೆ ಬೆಳೆಯುವ ಸೀಮೆ' ಎಂದು ಕರೆದವು. ನಾರ್ತ್ ಡಕೋಟಾದ ಚಳಿಗಾಲದಲ್ಲಿ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗೆ ಹೋಗುವುದು ಅಪರೂಪವೇನಲ್ಲ. 1873ರ ಸೆಪ್ಟೆಂಬರ್‌ನಲ್ಲಿ ಕುಕ್ ಅವರ ಬ್ಯಾಂಕೇ ಮುಳುಗಿತು. ಇಡೀ ದೇಶ ಆರ್ಥಿಕ ಕುಸಿತ ಕಂಡಿತು.

ಕರಪತ್ರದಲ್ಲಿ ಇರದ ಮಾತು

ಪ್ರಚಾರದಲ್ಲಿ ನೆಲ ಯಾವಾಗಲೂ ಖಾಲಿ. ನಿಜದಲ್ಲಿ ಅಲ್ಲಿ ಜನ ಇದ್ದರು. ನೆಬ್ರಾಸ್ಕಾದ ಪಾನೀ ಜನಾಂಗದವರು ಯೂನಿಯನ್ ಪೆಸಿಫಿಕ್ ಹಳಿ ಹಾಕುವಾಗ ಕಾವಲು ಪಡೆಯಾಗಿ ದುಡಿದಿದ್ದರು. ಹಳಿ ಮುಗಿದು ಆರೇಳು ವರ್ಷದೊಳಗೆ ಅದೇ ಪಾನೀ ಜನ ನೆಬ್ರಾಸ್ಕಾ ಬಿಟ್ಟು ಇಂದಿನ ಒಕ್ಲಹೋಮಾಗೆ ಹೋಗಬೇಕಾಯಿತು. ಅವರ ನೆಲ ವಲಸಿಗರ ಪಾಲಾಯಿತು. ಸರ್ಕಾರ ಕಂಪನಿಗಳಿಗೆ 'ದಾನ' ಕೊಟ್ಟ ಜಮೀನು ಯಾರದ್ದಾಗಿತ್ತು ಎಂಬ ಪ್ರಶ್ನೆಯನ್ನು ಬಿಟ್ಟು ಈ ವಿಷಯ ಮಾತಾಡುವುದು ಸರಿಯಲ್ಲ.

ಬಂದ ವಲಸಿಗರಿಗೆ ಕೊಟ್ಟ ಮಾತೂ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದ ಮಸಲ್ ಸ್ಲೂ ಎಂಬಲ್ಲಿ ಸದರ್ನ್ ಪೆಸಿಫಿಕ್‌ನ ಕರಪತ್ರಗಳು ಎಕರೆಗೆ 2.50 ಡಾಲರಿನಿಂದ ಬೆಲೆ ಶುರು ಎಂದಿದ್ದವು. ರೈತರು ಮೊದಲೇ ಬಂದು ಕೂತು ಕಾಲುವೆ ತೋಡಿ ಒಣ ನೆಲಕ್ಕೆ ನೀರು ತಂದರು. ಕಂಪನಿ ಕೊನೆಗೆ ಹೇಳಿದ ಬೆಲೆ 17ರಿಂದ 40 ಡಾಲರ್. ತಮ್ಮ ಬೆವರಿಗೆ ತಾವೇ ಬೆಲೆ ತೆರಬೇಕೇ ಎಂದು ರೈತರು ಕೇಳಿದರು. ಕರಪತ್ರ ಕರಾರು ಅಲ್ಲ ಎಂಬುದು ಕಂಪನಿಯ ನಿಲುವು. ಕೋರ್ಟಿನಲ್ಲಿ ರೈತರು ಸೋತರು. 1880ರ ಮೇ 11ರಂದು ಗುಂಡು ಹಾರಿ ಏಳು ಜನ ಸತ್ತರು.

ಸಾಗಣೆಯಲ್ಲೂ ಹಾಗೇ. ಒಂದೇ ಹಳಿ ಇರುವ ಊರಿನಲ್ಲಿ ದರ ನಿರ್ಧರಿಸುವುದು ಆ ಹಳಿಯವರೇ. ಜಮೀನು ಅಗ್ಗವಾಗಿ ಸಿಕ್ಕಿದ ಖುಷಿ ಗೋಧಿ ಸಾಗಿಸುವಾಗ ಹೋಯಿತು. ರೈತರ ಗ್ರೇಂಜ್ ಚಳವಳಿ ಬೆಳೆದದ್ದು, 1887ರಲ್ಲಿ ರೈಲು ದರದ ಮೇಲೆ ಕೇಂದ್ರದ ಕಾನೂನು ಬಂದದ್ದು ಈ ಸಿಟ್ಟಿನಿಂದ.

ಮಳೆ ನೇಗಿಲ ಹಿಂದೆ ಬರಲಿಲ್ಲ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಮಳೆಯ ಬಗ್ಗೆ ಹಬ್ಬಿದ ಒಂದು ನಂಬಿಕೆ. ಅಮೆರಿಕದ ನಡುವೆ 100ನೇ ರೇಖಾಂಶದ ಪಶ್ಚಿಮಕ್ಕೆ ವರ್ಷಕ್ಕೆ 20 ಇಂಚು ಮಳೆಯೂ ಕಷ್ಟ. ಆದರೆ ನೆಲ ಉತ್ತರೆ ಮಳೆ ತಾನಾಗಿ ಹಿಂದೆ ಬರುತ್ತದೆ ಎಂಬ ವಾದ 1870-80ರ ದಶಕದಲ್ಲಿ ಹಬ್ಬಿತು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಆಘಿ ಅಂಥ ಪ್ರಾಧ್ಯಾಪಕರೂ ಇದಕ್ಕೆ ವಿಜ್ಞಾನದ ಮುದ್ರೆ ಒತ್ತಿದರು. ಜಮೀನು ಮಾರುವವರಿಗೆ ಇದಕ್ಕಿಂತ ಒಳ್ಳೆ ಮಾತು ಬೇಕೇ? ಆ ವರ್ಷಗಳಲ್ಲಿ ಮಳೆಯೂ ಚೆನ್ನಾಗಿ ಆಗಿತ್ತು, ಜನ ನಂಬಿದರು.

ಭೂಗರ್ಭ ತಜ್ಞ ಜಾನ್ ವೆಸ್ಲಿ ಪಾವೆಲ್ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟು ಎಚ್ಚರಿಸಿದ್ದರು. ಒಣ ಪ್ರದೇಶದಲ್ಲಿ 160 ಎಕರೆಯಿಂದ ಕುಟುಂಬ ಬದುಕದು, ದನ ಸಾಕಿ ಬದುಕಲು 2,560 ಎಕರೆ ಬೇಕು ಎಂದಿದ್ದರು. ಯಾರೂ ಕಿವಿಗೊಡಲಿಲ್ಲ. 1880ರ ದಶಕದ ಕೊನೆಗೆ ಬರ ಬಂತು. ಪಶ್ಚಿಮ ಕಾನ್ಸಾಸ್‌ನಲ್ಲಿ ಊರುಗಳು ಖಾಲಿಯಾದವು. ಇದೇ ಕಥೆ ಮೊಂಟಾನಾದಲ್ಲಿ 1917ರ ನಂತರ ಮರುಕಳಿಸಿತು. ಅಲ್ಲಿ ಒಣಬೇಸಾಯದ ಹೊಸ ವಿಧಾನ ಬಂದಿದೆ, ಕಡಿಮೆ ಮಳೆಯಲ್ಲೂ ಬೆಳೆಯಬಹುದು ಎಂದು ರೈಲು ಕಂಪನಿಗಳು ನಂಬಿಸಿದ್ದವು. 1920ರ ದಶಕದಲ್ಲಿ ಇಡೀ ದೇಶದಲ್ಲಿ ಜನಸಂಖ್ಯೆ ಇಳಿದ ರಾಜ್ಯ ಮೊಂಟಾನಾ ಒಂದೇ.

ಮಣೆ ಅಳಿಸದೆ ಉಳಿದ ಕಡೆ

ಈಗ ಏಣಿಯ ಜಾಗಕ್ಕೆ ಮರಳೋಣ. ಪೂರ್ವ ನೆಬ್ರಾಸ್ಕಾ, ಪೂರ್ವ ಕಾನ್ಸಾಸ್‌ನಲ್ಲಿ ಮಳೆ ಇತ್ತು, ಜನ ಬಂದರು, ಎರಡೂ ಬಗೆಯ ಚೌಕ ಮಾರಾಟವಾಗಿ ಮಣೆ ಅಳಿಸಿಹೋಯಿತು. ದಕ್ಷಿಣ ವಯೋಮಿಂಗ್‌ನಲ್ಲಿ ಎತ್ತರದ ಒಣ ನೆಲ. ಯಾವ ಪೋಸ್ಟರಿಗೂ ಅಲ್ಲಿಗೆ ಗೋಧಿ ರೈತರನ್ನು ಕರೆತರಲು ಆಗಲಿಲ್ಲ. ಸರ್ಕಾರದ ಸಮಸಂಖ್ಯೆಯ ಚೌಕಗಳನ್ನು ಕೇಳುವವರಿಲ್ಲದೆ ಅವು ಸರ್ಕಾರದಲ್ಲೇ ಉಳಿದವು. ಅಲ್ಲಿ ಹಳಿ ಹಾಕಿದ ಯೂನಿಯನ್ ಪೆಸಿಫಿಕ್ ಕಂಪನಿಯ ಚೌಕಗಳನ್ನು ದನ ಮತ್ತು ಕುರಿ ಸಾಕುವ ದೊಡ್ಡ ಮಾಲೀಕರು ಸಗಟಾಗಿ ಕೊಂಡರು. ಅರ್ಧ ಕೊಂಡರೂ ಸಾಕಾಗಿತ್ತು. ಬೇಲಿ ಜಾಣತನದಿಂದ ಹಾಕಿದರೆ ನಡುವಿನ ಸರ್ಕಾರಿ ಹುಲ್ಲುಗಾವಲೂ ತಮ್ಮದೇ.

ಇದನ್ನು ತಡೆಯಲು 1885ರಲ್ಲಿ ಅಕ್ರಮ ಬೇಲಿ ತಡೆ ಕಾಯ್ದೆ ಬಂತು. ಕೊಲೊರಾಡೊದಲ್ಲಿ ಇಬ್ಬರು ಪೂರ್ತಿ ಖಾಸಗಿ ಚೌಕಗಳೊಳಗೇ ಬೇಲಿ ಹಾಕಿ 20,000 ಎಕರೆ ಸರ್ಕಾರಿ ನೆಲವನ್ನು ಒಳಗೆ ಸೇರಿಸಿಕೊಂಡಿದ್ದರು. ಅದೂ ತಪ್ಪು ಎಂದು 1897ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1988ರಲ್ಲಿ 10ನೇ ಸರ್ಕಿಟ್, ಪ್ರಾಂಗ್‌ಹಾರ್ನ್ ಜಿಂಕೆಗಳನ್ನು ಸರ್ಕಾರಿ ನೆಲದಿಂದ ತಡೆದ 28 ಮೈಲಿ ಬೇಲಿ ತೆಗೆಸಿತು.

ಎರಡು ಕಡೆಯ ವಾದ

ಮಾಲೀಕರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಜಮೀನಿನ ಮೇಲಿನ ಗಾಳಿಯೂ ಮಾಲೀಕನದ್ದು ಎಂಬುದು ಹಳೆಯ ಕಾನೂನು. ಯಾರು ಬೇಕಾದರೂ ಹಾದುಹೋಗಬಹುದಾದರೆ ಜಮೀನಿನ ಬೆಲೆ ಇಳಿಯುತ್ತದೆ, ಅದಕ್ಕೆ ಪರಿಹಾರ ಬೇಕಲ್ವಾ ಎಂದು ಅವರು ಕೇಳುತ್ತಾರೆ. 1979ರ ಲಿಯೊ ಶೀಪ್ ತೀರ್ಪು ಅವರ ದೊಡ್ಡ ಆಸರೆ. ಸರ್ಕಾರ ಜಲಾಶಯಕ್ಕೆ ಹೋಗಲು ಮೂಲೆಯ ಮೇಲೆ ರಸ್ತೆ ಹಾಕಿದಾಗ, 1862ರ ಕಾಯ್ದೆಯಲ್ಲಿ ದಾರಿ ಹಕ್ಕು ಉಳಿಸಿಕೊಂಡಿಲ್ಲ, ಹಾಗಾಗಿ ಈಗ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು.

ಬೇಟೆಗಾರರು ಹೇಳಿದ್ದು ಬೇರೆ. ನಾವು ರಸ್ತೆ ಕೇಳುತ್ತಿಲ್ಲ. ನೆಲ ಮುಟ್ಟದೆ, ಏನೂ ಕೆಡಿಸದೆ ಒಂದು ಹೆಜ್ಜೆ ದಾಟುತ್ತೇವೆ. ಅದನ್ನೂ ತಡೆದರೆ ಎಲ್ಲರ ನೆಲ ಒಬ್ಬರ ಸ್ವತ್ತಾಗುತ್ತದೆ. 10ನೇ ಸರ್ಕಿಟ್ ಇಲ್ಲಿ ಸೂಕ್ಷ್ಮವಾಗಿ ನಡೆಯಿತು. ವಯೋಮಿಂಗ್‌ನ ಕಾನೂನು ಮಾತ್ರ ನೋಡಿದರೆ ಇದು ಅತಿಕ್ರಮವೇ ಎಂದು ಒಪ್ಪಿತು. ಆದರೆ 1885ರ ಕೇಂದ್ರ ಕಾಯ್ದೆ ಅದಕ್ಕಿಂತ ಮೇಲು ಎಂದಿತು. ಲಿಯೊ ಶೀಪ್‌ನಲ್ಲಿ ಇದ್ದದ್ದು ರಸ್ತೆಯ ಪ್ರಶ್ನೆ, ಕಾಲ್ನಡಿಗೆಯದ್ದಲ್ಲ. ನನಗೂ ಈ ವ್ಯತ್ಯಾಸ ನ್ಯಾಯವಾಗಿ ಕಾಣುತ್ತದೆ. ಈ ಜಮೀನುಗಳಿಗೆ ಹಕ್ಕುಪತ್ರ ಹುಟ್ಟಿದ್ದೇ ಜನರನ್ನು ಒಳಗೆ ಬಿಡುವ ಉದ್ದೇಶದ ಒಂದು ಯೋಜನೆಯಿಂದ. ಅದನ್ನು ಜನರನ್ನು ಹೊರಗಿಡಲು ಬಳಸುವುದು ಒಪ್ಪುವ ಮಾತಲ್ಲ.

ಮುಂದೆ ಏನಾಗಬಹುದು

ತೀರ್ಪು ನಡೆಯುವುದು ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಾಸ್, ಒಕ್ಲಹೋಮಾ ಈ ಆರು ರಾಜ್ಯಗಳಲ್ಲಿ. ಇಡೀ ಪಶ್ಚಿಮದಲ್ಲಿ ಮೂಲೆಯಿಂದ ಮಾತ್ರ ತಲುಪಬಹುದಾದ ಸರ್ಕಾರಿ ನೆಲ ಸುಮಾರು 83 ಲಕ್ಷ ಎಕರೆ ಎಂದು ನಕ್ಷೆ ಕಂಪನಿ ಆನ್‌ಎಕ್ಸ್ ಲೆಕ್ಕ ಹಾಕಿದೆ. ಅದರಲ್ಲಿ ಒಂದು ಭಾಗಕ್ಕೆ ಈಗ ದಾರಿ ಸಿಕ್ಕಿದೆ, ಅದೂ ನಡೆದು ಹೋಗುವವರಿಗೆ. ವಾಹನಕ್ಕೆ ಇಲ್ಲ.

ಇದರಿಂದ ಮಾಲೀಕರ ಲೆಕ್ಕವೂ ಬದಲಾಗುತ್ತದೆ. ಒಳಗಿನ ಸರ್ಕಾರಿ ನೆಲ ತಮ್ಮೊಬ್ಬರದ್ದೇ ಎಂಬಂತೆ ಕಟ್ಟಿದ್ದ ಬೆಲೆ ಇಳಿಯಬಹುದು. ಚೌಕಗಳನ್ನು ಸರ್ಕಾರದ ಜೊತೆ ಅದಲುಬದಲು ಮಾಡಿಕೊಂಡು ಎರಡೂ ಕಡೆಯ ನೆಲವನ್ನು ಒಟ್ಟುಗೂಡಿಸಲು ಈಗ ಅವರಿಗೂ ಕಾರಣ ಇದೆ. ಆದರೆ ಅದಲುಬದಲು ಸುಲಭವಲ್ಲ. ಮೇಲಿನ ನೆಲ ಒಬ್ಬರದು, ಕೆಳಗಿನ ಖನಿಜ ಇನ್ನೊಬ್ಬರದು ಆಗಿರುವುದು ಸಾಮಾನ್ಯ. ಯೂನಿಯನ್ ಪೆಸಿಫಿಕ್‌ಗೆ ಸಿಕ್ಕಿದ್ದ ಹಕ್ಕುಗಳು ಕೈಯಿಂದ ಕೈಗೆ ದಾಟಿ ಆಕ್ಸಿಡೆಂಟಲ್ ತೈಲ ಕಂಪನಿಗೆ ಬಂದಿದ್ದವು. 2020ರಲ್ಲಿ ಅದು ಸುಮಾರು 10 ಲಕ್ಷ ಎಕರೆ ನೆಲ ಮತ್ತು 40 ಲಕ್ಷ ಎಕರೆಗೂ ಹೆಚ್ಚು ಖನಿಜ ಹಕ್ಕನ್ನು ಮಾರಿತು. ಕೊಳ್ಳಲು ವಯೋಮಿಂಗ್ ರಾಜ್ಯವೇ ಹರಾಜಿಗೆ ನಿಂತಿತ್ತು, ಖಾಸಗಿ ಹೂಡಿಕೆದಾರರು ಗೆದ್ದರು.

ಮೊಂಟಾನಾ ಬರುವುದು 9ನೇ ಸರ್ಕಿಟ್ ವ್ಯಾಪ್ತಿಗೆ. ಅಲ್ಲಿ ಚದುರಂಗದ ಮಣೆ ಬಿಟ್ಟುಹೋದದ್ದು ನಾರ್ದರ್ನ್ ಪೆಸಿಫಿಕ್. ಅಲ್ಲಿ ಯಾರಾದರೂ ಮೂಲೆ ದಾಟಿ, ಮಾಲೀಕರು ದಾವೆ ಹೂಡಿ, ಆ ಕೋರ್ಟು ಬೇರೆ ತೀರ್ಪು ಕೊಟ್ಟರೆ ಒಂದೇ ಕೇಂದ್ರ ಕಾಯ್ದೆಗೆ ಎರಡು ಅರ್ಥ ಬರುತ್ತದೆ. ಈ ಸಲ ಬೇಡ ಎಂದ ಸುಪ್ರೀಂ ಕೋರ್ಟ್ ಆಗ ವಿಚಾರಣೆಗೆ ತೆಗೆದುಕೊಳ್ಳುವ ಸಾಧ್ಯತೆ ಜಾಸ್ತಿ. ಅಲ್ಲಿಯ ತನಕ ಮೊಂಟಾನಾದಲ್ಲಿ ಮೂಲೆಯ ಹತ್ತಿರ ನಿಂತವರಿಗೆ ಎದುರಿನ ಸರ್ಕಾರಿ ನೆಲ ಕಾಣುತ್ತದೆ, ದಾಟಿದರೆ ದಂಡ ಬೀಳಬಹುದು ಎಂಬ ಭಯವೂ ಇರುತ್ತದೆ.